ಮಳೆಗಾಲಕ್ಕೆ ಬಾಗಿಲು ಹಿಡ್ಕೊಳ್ತಿದ್ಯಾ? ಕೀಸೋಕೆ ಮುಂಚೆ ಕಾರಣ ಹುಡುಕಿ

ಜೂನ್‌ನಲ್ಲಿ ನಾಲ್ಕು ಮಳೆ ಸರಿಯಾಗಿ ಬಿದ್ರೆ ಸಾಕು, ಮನೆಮನೆಲೂ ಬಾಗಿಲು ಹಿಡ್ಕೊಳ್ಳೋಕೆ ಶುರು ಆಗತ್ತೆ. ತೆಗೆಯೋವಾಗ ಭುಜ ಕೊಡ್ಬೇಕು, ಹಾಕೋವಾಗ ಕಾಲಲ್ಲಿ ಒತ್ಬೇಕು, ರಾತ್ರಿ ಚಿಲಕ ಹಾಕೋಷ್ಟ್ರಲ್ಲಿ ಮನೆಯವರೆಲ್ಲ ಎದ್ದಿರ್ತಾರೆ. ಆಗ ಎಲ್ರೂ ಮಾಡೋದು ಒಂದೇ, ಪ್ಲೇನರ್ ತಗೊಂಡು ಅಂಚು ಕೀಸೋದು, ಇಲ್ಲಾಂದ್ರೆ ಆಚಾರ್ರನ್ನ ಕರೆಸಿ ಹತ್ತರಿ ಹೊಡೆಸೋದು. ಅವತ್ತಿಗೆ ಬಾಗಿಲು ಸಲೀಸಾಗಿ ಹಾಕ್ಕೊಳ್ಳತ್ತೆ, ಆದ್ರೆ ಮಾರ್ಚ್ ಏಪ್ರಿಲ್ ಬಂದಾಗ ಅದೇ ಬಾಗಿಲ ಸಂದಿಯಲ್ಲಿ ಆಚೆ ಬೆಳಕು ಕಾಣತ್ತೆ, ಲಾಕ್ ನಾಲಿಗೆ ಆ ಕಡೆ ತೂತಿಗೆ ಅರ್ಧಂಬರ್ಧ ತಾಗತ್ತೆ. ಕೀಸಿದ ಮರನ ವಾಪಸ್ ಅಂಟ್ಸೋಕಾಗಲ್ಲ.

ಅದಕ್ಕೇ ಈ ಬರಹ. ಬಾಗಿಲು ಹಿಡ್ಕೊಳ್ಳೋಕೆ ಮರ ಉಬ್ಬಿರೋದೊಂದೇ ಕಾರಣ ಅಲ್ಲ, ನಾನು ಬಿಚ್ಚಿ ನೋಡಿರೋ ಬಾಗಿಲುಗಳಲ್ಲಿ ಹಿಂಜ್ ಸಡಿಲ ಆಗಿರೋದೇ ಜಾಸ್ತಿ, ಅದಕ್ಕೆ ಒಂದು ಚೂರೂ ಮರ ತೆಗಿಯೋದು ಬೇಕಾಗಿಲ್ಲ. ಮನೇಲಿ ಒಂದು ಸ್ಕ್ರೂಡ್ರೈವರ್, ಒಂದು ಉಳಿ, ಡ್ರಿಲ್, ಟೇಪು, ಸ್ವಲ್ಪ ತಾಳ್ಮೆ ಇದ್ರೆ ಯಾವ ಕಾರಣ ಅಂತ ನೀವೇ ಕಂಡುಹಿಡೀಬಹುದು.

ಮೊದ್ಲು ಮರದ ಸ್ವಭಾವ ತಿಳ್ಕೊಳ್ಳಿ

ಇದೊಂದು ಗೊತ್ತಿದ್ರೆ ಅರ್ಧ ಕೆಲಸ ಮುಗೀತು. ಗಾಳಿಲಿರೋ ತೇವಾಂಶ ಏರಿದ ಹಾಗೆ ಮರ ಅದನ್ನ ಹೀರ್ಕೊಂಡು ಅಗಲಕ್ಕೆ ಉಬ್ಬತ್ತೆ, ಒಣಗಿದಾಗ ಕುಗ್ಗತ್ತೆ. ಆದ್ರೆ ಎಳೆ ಹೋಗಿರೋ ದಿಕ್ಕಲ್ಲಿ, ಅಂದ್ರೆ ಉದ್ದಕ್ಕೆ, ಹೆಚ್ಚೂಕಡಿಮೆ ಆಗೋದೇ ಇಲ್ಲ. ಹಸಿ ಮರ ಪೂರ್ತಿ ಒಣಗಿದ್ರೂ ಉದ್ದದಲ್ಲಿ ಕಡಿಮೆ ಆಗೋದು ಶೇಕಡಾ 0.1ರಿಂದ 0.2 ಅಷ್ಟೇ. ಅಗಲದಲ್ಲಿ ಹಾಗಲ್ಲ. ತೇಗ ಒಳ್ಳೇ ಮರ, ಕಡಿಮೆ ಆಡೋ ಮರ ಅಂತಾನೇ ಹೆಸರು, ಅದು ಕೂಡ ಹಸಿಯಿಂದ ಪೂರ್ತಿ ಒಣಗೋವರೆಗೆ ವರ್ತುಲದ ಗುಂಟ (ಕೊಯ್ದ ಮುಖದಲ್ಲಿ ಕಾಣೋ ಉಂಗುರದ ದಿಕ್ಕಲ್ಲಿ) ಶೇ. 5.8, ತಿರುಳಿಂದ ತೊಗಟೆ ಕಡೆಗೆ ಶೇ. 2.5 ಕುಗ್ಗತ್ತೆ. ಮತ್ತಿ ಥರದ್ದು ಇದಕ್ಕಿಂತ ಜಾಸ್ತಿ ಆಡತ್ತೆ.

ಇದನ್ನ ಬಾಗಿಲಿಗೆ ಹಾಕಿ ನೋಡಿ. ಸುಮಾರು 30 ಡಿಗ್ರಿ ಸೆಖೆಯಲ್ಲಿ ಗಾಳಿಯ ತೇವಾಂಶ ಶೇ. 50 ಇದ್ರೆ ಮರದೊಳಗಿನ ತೇವ ನಿಧಾನಕ್ಕೆ ಶೇ. 9ರ ಹತ್ರ ಬಂದು ನಿಲ್ಲತ್ತೆ, ಗಾಳಿ ಶೇ. 80 ಆದ್ರೆ ಮರ ಸುಮಾರು ಶೇ. 16ಕ್ಕೆ ಹೋಗತ್ತೆ. ಅಂದ್ರೆ 7 ಪಾಯಿಂಟ್ ವ್ಯತ್ಯಾಸ, ತೇಗದಲ್ಲಿ ಒಂದೊಂದು ಪಾಯಿಂಟ್‌ಗೆ ಅಗಲದ ಶೇ. 0.2ರಷ್ಟು ಅಂತ ಇಟ್ಕೊಳ್ಳಿ. ಪ್ಯಾನೆಲ್ ಬಾಗಿಲಲ್ಲಿ, ಅಂದ್ರೆ ಸುತ್ತ ಪಟ್ಟಿ ಕಟ್ಟಿ ಮಧ್ಯ ಹಲಗೆ (ಪ್ಯಾನೆಲ್) ಕೂರಿಸಿದ ಬಾಗಿಲಲ್ಲಿ, ಎರಡು ಕಡೆ ನಿಲುವು ಪಟ್ಟಿ 100 ಮಿ.ಮೀ. ಇದ್ರೆ ಒಟ್ಟು 200 ಮಿ.ಮೀ. ಮಾತ್ರ ಉಬ್ಬೋ ಮರ, ಯಾಕಂದ್ರೆ ಮಧ್ಯದ ಅಡ್ಡ ಪಟ್ಟಿಗಳು ಬಾಗಿಲ ಅಗಲದ ದಿಕ್ಕಲ್ಲೇ ಉದ್ದ ಇವೆ, ಅವು ಬೆಳೆಯಲ್ಲ, ಪ್ಯಾನೆಲ್ ಗ್ರೂವ್ ಒಳಗೇ ಆಡ್ಕೊಂಡಿರತ್ತೆ. ಹಾಗಾಗಿ ಹೆಚ್ಚೆಂದ್ರೆ 2.8 ಮಿ.ಮೀ. ಅದೇ ಹಳೇ ಮನೆಗಳಲ್ಲಿರೋ ಹಾಗೆ ಉದ್ದುದ್ದ ಹಲಗೆ ಜೋಡಿಸಿ ಮಾಡಿದ 900 ಮಿ.ಮೀ. ಅಗಲದ ಬಾಗಿಲಾದ್ರೆ ಲೆಕ್ಕದಲ್ಲಿ 12 ಮಿ.ಮೀ. ದಾಟತ್ತೆ! ಹಳೇ ಕಾಲದವರು ಎರಡು ಕದ ಇಟ್ಟು ಮಧ್ಯದಲ್ಲಿ ಒಂದರ ಮೇಲೊಂದು ಕೂರೋ ಪಟ್ಟಿ ಹೊಡೀತಿದ್ರಲ್ಲ, ಆ ಉಬ್ಬು-ಕುಗ್ಗು ಅಲ್ಲೇ ಮುಚ್ಚಿಹೋಗತ್ತೆ. ನನಗೆ ಆ ಕೆಲಸ ನೋಡಿದಾಗೆಲ್ಲ ಕೈ ಮುಗಿಯೋಣ ಅನ್ಸತ್ತೆ.

ಈಗ ಇದರಿಂದ ಸಿಗೋ ದೊಡ್ಡ ಸುಳಿವು. ನಿಲುವು ಪಟ್ಟಿ ಮೇಲಿಂದ ಕೆಳಗಿನವರೆಗೆ ಒಂದೇ ಮರ, ಅದು ಉದ್ದಕ್ಕೆ ಬೆಳೆಯಲ್ಲ. ಹಾಗಾಗಿ ಬಾಗಿಲು ನೆಲಕ್ಕೆ ಉಜ್ತಿದ್ರೆ, ಅಥವಾ ಮೇಲಿನ ಚೌಕಟ್ಟಿಗೆ ತಾಗ್ತಿದ್ರೆ, ಅದು ಮಳೆಗೆ ಉಬ್ಬಿರೋದಲ್ಲ. ಬಾಗಿಲು ಜೋತಿದೆ, ಇಲ್ಲಾ ಚೌಕಟ್ಟು ಕದಲಿದೆ, ಇಲ್ಲಾ ನೆಲ ಎದ್ದಿದೆ. ಇದನ್ನ ನೆನಪಿಟ್ಕೊಳ್ಳದೆ ಕೆಳಗಿನ ಅಂಚು ಕೀಸಿ ಹಾಳು ಮಾಡಿರೋ ಬಾಗಿಲು ತುಂಬಾ ಇವೆ.

ಎಲ್ಲಿ ತಾಗ್ತಿದೆ ಅಂತ ಪಕ್ಕಾ ಮಾಡ್ಕೊಳ್ಳಿ

ಕಣ್ಣಳತೆ ನಂಬ್ಬೇಡಿ. ಬಾಗಿಲು ಹಾಕಿ, ಆಗದಿದ್ರೆ ಹಾಕೋಕೆ ಆಗೋಷ್ಟು ಹಾಕಿ, ಒಂದು ವಿಸಿಟಿಂಗ್ ಕಾರ್ಡ್ ತಗೊಂಡು ಚೌಕಟ್ಟಿನ ಸಂದಿಯಲ್ಲಿ ಸುತ್ತ ಎಳ್ಕೊಂಡು ಬನ್ನಿ. ಎಲ್ಲಿ ಸಲೀಸಾಗಿ ಹೋಗತ್ತೆ, ಎಲ್ಲಿ ಬಿಗಿ ಆಗತ್ತೆ, ಎಲ್ಲಿ ಹೋಗೋದೇ ಇಲ್ಲ, ಇದನ್ನ ಬಾಗಿಲಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಪೆನ್ಸಿಲ್‌ನಲ್ಲಿ ಬರೀರಿ. ಸುತ್ತ 3 ಮಿ.ಮೀ. ಆಸುಪಾಸು ಸಂದು ಇದ್ರೆ ಅದು ಸರಿಯಾಗಿ ಕೂತಿರೋ ಬಾಗಿಲು. ಕಾರ್ಡ್ ಹೋಗದ ಜಾಗದಲ್ಲಿ ಚೌಕಟ್ಟಿಗೆ ಬಣ್ಣದ ಚಾಕ್‌ಪೀಸ್ ಒತ್ತಿ ಬಳಿದು, ಬಾಗಿಲನ್ನ ಒಂದ್ಸಲ ಹಾಕಿ ತೆಗೀರಿ, ಬಾಗಿಲಂಚಲ್ಲಿ ಚಾಕ್ ಎಲ್ಲಿ ಮೆತ್ತಿದೆಯೋ ಅಷ್ಟೇ ಜಾಗ ತಾಗ್ತಿರೋದು. ಸುಮಾರು ಸಲ ಒಂದು ಗೇಣೂ ಇರಲ್ಲ, ಜನ ಮಾತ್ರ ಪೂರ್ತಿ ಅಂಚು ಕೀಸಿರ್ತಾರೆ.

ಇನ್ನೊಂದು ಮಾತು ಕೇಳ್ಕೊಳ್ಳಿ: ಇದು ವರ್ಷವರ್ಷ ಮಳೆಗಾಲಕ್ಕೆ ಬಂದು ಚಳಿಗಾಲದ ಹೊತ್ತಿಗೆ ತಾನೇ ಸರಿ ಹೋಗತ್ತಾ, ಅಥವಾ ಒಂದ್ಸಲ ಶುರುವಾಗಿ ದಿನೇ ದಿನೇ ಜಾಸ್ತಿ ಆಗ್ತಿದ್ಯಾ? ಬಂದು ಹೋಗೋದಾದ್ರೆ ತೇವದ ಕೆಲಸ. ಬರೀ ಜಾಸ್ತಿ ಆಗ್ತಾ ಹೋಗೋದಾದ್ರೆ ಸಡಿಲ ಆಗಿರೋ ಕಬ್ಬಿಣನೋ ಕೊಳೀತಿರೋ ಮರನೋ ಇರತ್ತೆ.

ಜೋತಿರೋ ಬಾಗಿಲು

ಲಕ್ಷಣ ಹೀಗೆ: ಚಿಲಕದ ಕಡೆ ಮೇಲಿನ ಮೂಲೆ ಪಕ್ಕದ ಚೌಕಟ್ಟಿಗೆ ತಾಗ್ತಿರತ್ತೆ, ಅದೇ ಕಡೆ ಕೆಳಗಿನ ಮೂಲೆ ನೆಲಕ್ಕೆ ಉಜ್ಜಿ ಟೈಲ್ಸ್ ಮೇಲೆ ಕಮಾನಿನ ಥರ ಗೀರು ಬಿದ್ದಿರತ್ತೆ. ಬಾಗಿಲ ತಲೆ ಮೇಲಿನ ಸಂದು ಹಿಂಜ್ ಕಡೆ ಕಡಿಮೆ, ಚಿಲಕದ ಕಡೆ ಜಾಸ್ತಿ. ಹಿಂಜ್ ಕಡೆ ಮೇಲ್ಗಡೆ ಸಂದು ಬಿಟ್ಕೊಂಡಿರತ್ತೆ, ಕೆಳಗಡೆ ಬಿಗಿ. ಈ ನಾಲ್ಕರಲ್ಲಿ ಎರಡು ಮೂರು ಕಂಡ್ರೂ ಸಾಕು.

ಯಾಕಂದ್ರೆ ಬಾಗಿಲ ಭಾರ ಮೇಲಿನ ಹಿಂಜನ್ನ ಚೌಕಟ್ಟಿಂದ ಆಚೆಗೆ ಎಳೀತಿರತ್ತೆ, ಕೆಳಗಿನ ಹಿಂಜನ್ನ ಒಳಗೆ ಒತ್ತತಿರತ್ತೆ. ಹಾಗಾಗಿ ಮೊದ್ಲು ಸೋಲೋದು ಮೇಲಿನ ಹಿಂಜಿನ ಸ್ಕ್ರೂ. ಬಾಗಿಲನ್ನ ಅರ್ಧ ತೆಗೆದು, ಹ್ಯಾಂಡಲ್ ಹಿಡ್ಕೊಂಡು ಮೆಲ್ಲಗೆ ಮೇಲಕ್ಕೆ ಎತ್ತಿ ನೋಡಿ, ಇನ್ನೊಬ್ರು ಮೇಲಿನ ಹಿಂಜ್ ಹತ್ರ ಕಣ್ಣಿಟ್ಟಿರ್ಲಿ. ಹಿಂಜಿನ ತಗಡು ಮರದಿಂದ ಏಳ್ತಾ ಕೂರ್ತಾ ಇದ್ರೆ ಸ್ಕ್ರೂ ಕಥೆ. ತಗಡು ಅಲ್ಲಾಡದೆ ಮಧ್ಯದ ಪಿನ್ ಹತ್ರ ಲೊಡಲೊಡ ಅಂದ್ರೆ ಹಿಂಜೇ ಸವೆದಿದೆ, ಬದಲಾಯಿಸಿ, ಅದರಲ್ಲಿ ರಿಪೇರಿ ಇಲ್ಲ. ಎರಡೂ ಗಟ್ಟಿ ಇದ್ದು ನಿಲುವು ಪಟ್ಟಿಗೂ ಅಡ್ಡ ಪಟ್ಟಿಗೂ ಮಧ್ಯದ ಜಾಯಿಂಟ್ ಬಾಯಿ ಬಿಡ್ತಿದ್ರೆ ಬಾಗಿಲೇ ಸಡಿಲ ಆಗಿದೆ, ಅದಕ್ಕೆ ಕೆಳಗೆ ಇಳಿಸಿ ಜಾಯಿಂಟ್ ಬಿಡಿಸಿ ಹಳೇ ಗೋಂದು ಕೆರೆದು ತೆಗೆದು ಹೊಸ ಗೋಂದು ಹಾಕಿ ಕ್ಲಾಂಪ್ ಬಿಗೀಬೇಕು. ಮೇಲಿಂದ ಮೊಳೆ ಹೊಡ್ದು ಬಿಡೋದು ಬೇಡ, ಕೆಲವು ತಿಂಗಳು ನಿಲ್ಲತ್ತೆ, ಆಮೇಲೆ ಮುಂದಿನವರಿಗೆ ಆ ಜಾಯಿಂಟ್ ಬಿಡ್ಸೋಕೂ ಆಗಲ್ಲ.

ಸ್ಕ್ರೂ ಕಥೆ ಆದ್ರೆ ಮೊದ್ಲು ಸುಮ್ನೆ ಬಿಗಿ ಮಾಡಿ ನೋಡಿ. ಬಾಗಿಲ ಕೆಳಗೆ ಚಿಲಕದ ಕಡೆ ಒಂದು ಮರದ ಆಪು ಕೊಟ್ಟು ಭಾರ ಎತ್ಕೊಂಡು ಆಮೇಲೆ ಬಿಗಿ ಮಾಡಿ, ನೇತಾಡ್ತಿರೋ ಬಾಗಿಲಿಗೆ ಬಿಗಿ ಮಾಡಿದ್ರೆ ಸ್ಕ್ರೂ ಓರೆ ಕೂರತ್ತೆ. ತಿರುಗಿಸಿದಷ್ಟೂ ತಿರುಗ್ತಾ ಇದ್ರೆ ಮರದಲ್ಲಿ ಹಿಡಿತ ಹೋಗಿದೆ. ಸಾಮಾನ್ಯವಾಗಿ ಬೆಂಕಿಕಡ್ಡಿ ತುರುಕಿ ಸ್ಕ್ರೂ ಹಾಕ್ತಾರೆ, ಬಾತ್ರೂಮಿನ ಹಗುರ ಬಾಗಿಲಿಗೆ ಅದು ನಡೀಬಹುದು, ಮುಂಬಾಗಿಲಿನ ಭಾರಕ್ಕೆ ನಡೆಯಲ್ಲ, ಬೆಂಕಿಕಡ್ಡಿ ಮೆತ್ತನೆ ಮರ.

ಗಟ್ಟಿ ದಾರಿ ಎರಡು. ನಮ್ಮ ಕಡೆ ಚೌಕಟ್ಟು ಒಳ್ಳೇ ದಪ್ಪದ ಮರ, 4 ಇಂಚು ಇಂಟು 2.5 ಇಂಚು, 5 ಇಂಟು 3 ಎಲ್ಲ ಇರತ್ತೆ, ಅದಕ್ಕೆ ಹಾಕಿರೋ ಸ್ಕ್ರೂ ನೋಡಿದ್ರೆ ಮುಕ್ಕಾಲು ಇಂಚು ಒಂದಿಂಚು. ಅದನ್ನ ತೆಗೆದು ಅದೇ ದಪ್ಪದ 50 ಮಿ.ಮೀ. ಸ್ಕ್ರೂ ಹಾಕಿದ್ರೆ ಒಳಗಿನ ಹೊಸ ಮರದಲ್ಲಿ ಹಿಡಿತ ಸಿಗತ್ತೆ, ಕೆಲಸ ಅಲ್ಲಿಗೇ ಮುಗೀತು. 8 ನಂಬರ್ ಸ್ಕ್ರೂಗೆ ಗಟ್ಟಿ ಮರದಲ್ಲಿ 3 ಮಿ.ಮೀ. ತೂತು ಮೊದ್ಲೇ ಕೊರೀರಿ, ಸ್ಕ್ರೂಗೆ ಮೇಣದಬತ್ತಿ ಉಜ್ಜಿ, ಇಲ್ಲಾಂದ್ರೆ ಹೊನ್ನೆ, ಮತ್ತಿಯಂಥ ಮರದಲ್ಲಿ ಸ್ಕ್ರೂ ತಲೆ ಮುರಿದು ಒಳಗೇ ಉಳ್ಕೊಳ್ಳತ್ತೆ. ಸ್ಕ್ರೂ ತಲೆ ಹಿಂಜಿನ ಗುಳಿಯಲ್ಲಿ ಪೂರ್ತಿ ಮುಳುಗ್ಬೇಕು, ಇದು ಯಾಕೆ ಅಂತ ಸ್ವಲ್ಪ ಕೆಳಗೆ ಹೇಳ್ತೀನಿ.

ಎರಡನೇ ದಾರಿ, ಮರ ಪುಡಿಪುಡಿ ಆಗಿದ್ರೆ, ಹಳೇ ತೂತನ್ನ 10 ಮಿ.ಮೀ.ಗೆ ದೊಡ್ಡದು ಮಾಡಿ, ಗಟ್ಟಿ ಮರದ ಬಿರಡೆ ಮಾಡಿ ಗೋಂದು ಹಚ್ಚಿ ಹೊಡೆದು, ಒಂದು ದಿನ ಬಿಟ್ಟು, ಅಂಚು ಉಳಿಯಲ್ಲಿ ಸಮ ಮಾಡಿ, ಹೊಸದಾಗಿ ತೂತು ಕೊರೆಯೋದು. ಇಲ್ಲೊಂದು ಸೂಕ್ಷ್ಮ ಇದೆ, ಅಂಗಡಿಯ ಉರುಟು ಡೋವೆಲ್ (ಮರದ ಕಡ್ಡಿ) ಹೊಡೆದ್ರೆ ಸ್ಕ್ರೂ ಅದರ ಎಳೆಯ ಗುಂಟನೇ ಒಳಗೆ ಹೋಗತ್ತೆ, ಎಳೆ ಗುಂಟ ಹೋದ ಸ್ಕ್ರೂಗೆ ಹಿಡಿತ ಕಡಿಮೆ. ಎಳೆ ಅಡ್ಡ ಬರೋ ಹಾಗೆ ಪ್ಲಗ್ ಕಟರ್‌ನಲ್ಲಿ ಕೊರೆದ ಬಿರಡೆ ಹಾಕಿ, ಚೌಕಟ್ಟಿನ ಎಳೆ ಹೇಗಿದೆಯೋ ಬಿರಡೆ ಎಳೆನೂ ಹಾಗೇ ಕೂರಿಸಿ, ಆಗ ಹೊಸ ಮರದಷ್ಟೇ ಗಟ್ಟಿ.

ಹಿಂಜ್ ಎಷ್ಟಿವೆ ಅಂತಾನೂ ನೋಡ್ಕೊಳ್ಳಿ. ಭಾರದ ಗಟ್ಟಿ ಮರದ ಬಾಗಿಲಿಗೆ ಎರಡೇ ಹಿಂಜ್ ಇದ್ರೆ ಮೂರನೇದು ಹಾಕ್ಲೇಬೇಕು, ಅದೂ ಸರಿಯಾಗಿ ಮಧ್ಯಕ್ಕಲ್ಲ, ಮೇಲಿನ ಹಿಂಜಿಗೆ ಸ್ವಲ್ಪ ಹತ್ರ ಇಟ್ರೆ ಎಳೆತ ಹಂಚಿಹೋಗತ್ತೆ.

ಹಾಕೋಕೆ ಹೋದ್ರೆ ವಾಪಸ್ ಚಿಮ್ಮೋ ಬಾಗಿಲು

ಇದನ್ನ ಉಬ್ಬಿದೆ ಅಂತಾನೇ ಎಲ್ರೂ ತಪ್ಪು ತಿಳ್ಕೊಳ್ಳೋದು. ಬಾಗಿಲು ಕೊನೇ ಒಂದಿಂಚಲ್ಲಿ ಬಿಗಿ ಆಗತ್ತೆ, ಒತ್ತಿ ಬಿಟ್ರೆ ತಾನೇ ವಾಪಸ್ ಬರತ್ತೆ. ಕಾರ್ಡ್ ಎಳ್ದು ನೋಡಿದ್ರೆ ಚಿಲಕದ ಕಡೆ ಎಲ್ಲೂ ತಾಗ್ತಿಲ್ಲ, ಸಂದು ಬೇಕಾದಷ್ಟಿದೆ, ಆದ್ರೆ ಹಿಂಜ್ ಕಡೆ ಕಾರ್ಡ್ ಹೋಗ್ತಾನೇ ಇಲ್ಲ. ಹಿಂಜ್ ಕೂರೋ ಕಚ್ಚು ಜಾಸ್ತಿ ಆಳ ಆಗಿದೆ, ಬಾಗಿಲ ಅಂಚು ಚೌಕಟ್ಟಿಗೆ ಮೊದ್ಲೇ ಒತ್ಕೊಳ್ತಿದೆ. ಇಲ್ಲಾ ಸ್ಕ್ರೂ ತಲೆ ಹೊರಗೆ ನಿಂತು ಎರಡು ತಗಡು ಮಡಚೋಕೆ ಬಿಡ್ತಿಲ್ಲ. ಇಲ್ಲಾ ಪೇಂಟ್ ಮೇಲೆ ಪೇಂಟ್ ಹೊಡೆದು ಹಿಂಜ್ ಸಂದಿಲಿ ದಪ್ಪ ಆಗಿದೆ.

ಆಳ ಆಗಿದ್ರೆ ಹಿಂಜ್ ಬಿಚ್ಚಿ ಅದರ ಅಡಿಗೆ ಗಟ್ಟಿ ರಟ್ಟೋ ವೆನೀರ್ (ಮರದ ತೆಳು ಹಾಳೆ) ಚೂರೋ ಇಟ್ಟು ವಾಪಸ್ ಹಾಕಿ, ಒಂದು ಪದರ ಸಾಲದಿದ್ರೆ ಎರಡು. ಮುಂಬಾಗಿಲಾದ್ರೆ ರಟ್ಟು ಬೇಡ, ಒದ್ದೆ ಆಗಿ ಮೆತ್ತಗಾಗತ್ತೆ, ವೆನೀರೇ ಇಡಿ. ಮೇಲಿನದಕ್ಕೆ ಮಾತ್ರ ಇಟ್ರೆ ಬಾಗಿಲ ತಲೆ ಚಿಲಕದ ಕಡೆಗೆ ಹೋಗತ್ತೆ, ಕೆಳಗಿನದಕ್ಕೆ ಮಾತ್ರ ಇಟ್ರೆ ಚಿಲಕದ ಕಡೆ ಮೂಲೆ ಸ್ವಲ್ಪ ಮೇಲಕ್ಕೆ ಏಳತ್ತೆ, ಅಂದ್ರೆ ಸ್ವಲ್ಪವೇ ಜೋತಿರೋ ಬಾಗಿಲಿಗೂ ಇದೇ ಮದ್ದು, ಚಿಲಕದ ಕಡೆ ಸಂದು ಇದ್ರೆ ಮಾತ್ರ.

ನಿಜವಾಗಿ ಉಬ್ಬಿರೋದು

ಚಿಲಕದ ಕಡೆ ಮೇಲಿಂದ ಕೆಳಗಿನವರೆಗೆ ಉದ್ದಕ್ಕೂ ಒಂದೇ ಥರ ಬಿಗಿ, ಹಿಂಜ್ ಗಟ್ಟಿ, ತಲೆ ಮೇಲಿನ ಸಂದು ಎರಡೂ ಕಡೆ ಸಮ, ಮಳೆ ಜಾಸ್ತಿ ಆದ ವಾರ ಜಾಸ್ತಿ ಹಿಡಿತ, ಬಿಸಿಲು ಬಂದ್ರೆ ಕಡಿಮೆ. ಇದು ಉಬ್ಬಿರೋದೇ.

ಈಗ ಕೇಳ್ಬೇಕಾದ ಪ್ರಶ್ನೆ, ಇಷ್ಟೊಂದು ನೀರು ಎಲ್ಲಿಂದ ಕುಡೀತು? ನಿಮ್ಮ ಮೊಬೈಲ್ ತಗೊಂಡು ಕ್ಯಾಮೆರಾ ಆನ್ ಮಾಡಿ ಬಾಗಿಲ ಅಡಿಗೆ ತೂರಿಸಿ ಒಂದು ಫೋಟೋ ತೆಗೀರಿ, ಸ್ಟೂಲ್ ಹಾಕ್ಕೊಂಡು ಬಾಗಿಲ ತಲೆದೂ ಒಂದು ತೆಗೀರಿ. ಹತ್ತಿರದಿಂದ ನೋಡಿದಾಗ ಕಾಣೋದು ಏನಂದ್ರೆ, ಮುಂದೆ ಹಿಂದೆ ಪಾಲಿಶ್ ಪಳಪಳ ಅಂತಿರತ್ತೆ, ಅಡಿ ಅಂಚಲ್ಲಿ ಗರಗಸದ ಗೆರೆ ಹಾಗೇ ಇರತ್ತೆ, ನಿಲುವು ಪಟ್ಟಿಯ ಕೊಯ್ದ ಮುಖ ಕಪ್ಪಾಗಿ, ಬೂದು ಬಣ್ಣಕ್ಕೆ ತಿರುಗಿ, ಪಾಲಿಶ್ ಒಂದೆರಡು ಹನಿ ಮಾತ್ರ ಇಳಿದು ಗಟ್ಟಿ ಆಗಿರತ್ತೆ. ಬಾಗಿಲು ನೇತುಹಾಕಿದ ಮೇಲೆ ಪಾಲಿಶ್ ಮಾಡೋದ್ರಿಂದ ಬ್ರಷ್ ಅಲ್ಲಿಗೆ ಹೋಗೋದೇ ಇಲ್ಲ. ಮರ ಅಂದ್ರೆ ಸ್ಟ್ರಾಗಳ ಕಟ್ಟಿದ್ದ ಹಾಗೆ, ಪಕ್ಕದಿಂದ ನೀರು ಹೋಗೋದು ನಿಧಾನ, ಕೊಯ್ದ ಬಾಯಿಂದ ಸರಸರ ಅಂತ ಮೇಲೇರತ್ತೆ. ನೆಲ ಒರೆಸೋ ನೀರು, ಮಳೆ ಎರಚಲು, ಹೊಸ್ತಿಲು ತೊಳೆಯೋ ನೀರು, ಎಲ್ಲ ದಿನಾ ಅಲ್ಲಿಂದಲೇ ಒಳಗೆ.

ಹಾಗಾಗಿ ಮೊದ್ಲು ಅದನ್ನ ನಿಲ್ಲಿಸಿ, ಆಮೇಲೆ ಕೀಸೋ ಮಾತು. ಜೋರು ಮಳೆಗಾಲದ ಮಧ್ಯದಲ್ಲಿ ಇದ್ರೆ ಸದ್ಯಕ್ಕೆ ತಾಗೋ ಜಾಗಕ್ಕೆ ಮೇಣದಬತ್ತಿ ಉಜ್ಜಿ, ಅಡಿ ಅಂಚನ್ನ ಒಣ ಬಟ್ಟೆಯಲ್ಲಿ ಒರೆಸಿ ಇಟ್ಕೊಳ್ಳಿ, ಎಷ್ಟೋ ಬಾಗಿಲು ಇಷ್ಟರಲ್ಲೇ ಸೀಸನ್ ಕಳೀತವೆ. ಟೇಪ್ ಮೇಲೆ ಸಂದಿಯ ಅಳತೆ ಜುಲೈನಲ್ಲಿ ಬರ್ದಿಡಿ, ಮತ್ತೆ ಏಪ್ರಿಲ್‌ನಲ್ಲಿ ಬರೀರಿ. ಎರಡರ ವ್ಯತ್ಯಾಸನೇ ನಿಮ್ಮ ಬಾಗಿಲು ಆಡೋ ಆಟ, ಅದು ಗೊತ್ತಾದ್ರೆ ಎಷ್ಟು ಕೀಸ್ಬೇಕು ಅನ್ನೋದು ಊಹೆ ಆಗಿ ಉಳಿಯಲ್ಲ. ಬಾಗಿಲು ಹಾಕೋಕೇ ಆಗ್ತಿಲ್ಲ, ಮನೆಗೆ ಭದ್ರತೆ ಇಲ್ಲ ಅಂತಿದ್ರೆ ಮಾತ್ರ ಮಳೆಲೇ ಕೀಸಿ, ಅದೂ ಕಾರ್ಡ್ ಬಿಗಿಯಾಗಿ ತೂರೋಷ್ಟು, ಅಷ್ಟೇ. ಮಳೆಗಾಲದಲ್ಲಿ ಮರ ಹೆಚ್ಚೂಕಡಿಮೆ ತನ್ನ ಪೂರ್ತಿ ಅಗಲಕ್ಕೆ ಬಂದಿರತ್ತೆ, ಆವಾಗ 3 ಮಿ.ಮೀ. ಸಂದು ಬಿಟ್ರೆ ಬೇಸಿಗೆಯಲ್ಲಿ ಅದು 5, 6 ಆಗತ್ತೆ.

ಹೊಸ ಮನೆಯವರಿಗೆ ಇನ್ನೊಂದು ವಿಷಯ. ಬಾಗಿಲು ಹೊಸದಾಗಿದ್ದು ಮೊದಲನೇ ವರ್ಷನೇ ಹೀಗಾದ್ರೆ ಅಥವಾ ಮೊದಲನೇ ಬೇಸಿಗೆಯಲ್ಲೇ ಜಾಯಿಂಟ್ ಬಿಟ್ಕೊಂಡ್ರೆ, ಮರ ನಿಮ್ಮೂರಿನ ಹವೆಗೆ ಒಣಗೋ ಮುಂಚೆನೇ ಕೆಲಸಕ್ಕೆ ಹೋಗಿದೆ. ಯಾವ ಊರಲ್ಲಿ ಯಾವ ಕೆಲಸಕ್ಕೆ ಮರದಲ್ಲಿ ಎಷ್ಟು ತೇವ ಇರ್ಬಹುದು ಅನ್ನೋದಕ್ಕೆ ಐಎಸ್ 287 ಅಂತ ಭಾರತೀಯ ಮಾನಕನೇ ಇದೆ, ದೇಶನ ನಾಲ್ಕು ಹವಾ ವಲಯ ಮಾಡಿ ಹೇಳತ್ತೆ. ಮಂಗಳೂರಿಗೆ ಸರಿಯಿರೋ ಮರ ರಾಯಚೂರಿಗೆ ಹಸಿ ಮರ ಅಂತಾನೇ ಲೆಕ್ಕ. ಮರ ಕೊಳ್ಳೋವಾಗ ಪಿನ್ ಚುಚ್ಚೋ ತೇವಾಂಶ ಮೀಟರ್ ಇದ್ರೆ ಚೆನ್ನ, ಇಲ್ಲಾಂದ್ರೆ ಅದೇ ಮರದ ಒಂದು ತುಂಡನ್ನ ಮನೆಯೊಳಗೆ ಇಟ್ಟು ಅಡುಗೆಮನೆ ತಕ್ಕಡಿಯಲ್ಲಿ ವಾರವಾರ ತೂಗಿ, ತೂಕ ಇಳಿಯೋದು ನಿಂತಾಗ ಆ ತುಂಡು ನಿಮ್ಮನೆ ಹವೆಗೆ ಹೊಂದ್ಕೊಂಡಿದೆ ಅಂತ ಅರ್ಥ. ದಪ್ಪ ಮರಕ್ಕೆ ಇನ್ನೂ ಜಾಸ್ತಿ ದಿನ ಬೇಕು.

ಪ್ಯಾನೆಲ್ ಬಗ್ಗೆ ಹೇಳ್ಲೇಬೇಕು. ಬೇಸಿಗೆಯಲ್ಲಿ ಪ್ಯಾನೆಲ್ ಅಂಚಲ್ಲಿ ಪಾಲಿಶ್ ಇಲ್ಲದ ಸಣ್ಣ ಬಿಳಿ ಗೆರೆ ಕಾಣತ್ತಲ್ಲ, ಅದು ದೋಷ ಅಲ್ಲ, ಪ್ಯಾನೆಲ್ ಗ್ರೂವ್ ಒಳಗೆ ಆರಾಮಾಗಿ ಆಡ್ತಿದೆ ಅನ್ನೋ ಗುರುತು. ಅಲ್ಲಿಗೆ ಪುಟ್ಟಿ, ಫೆವಿಕಾಲ್ ತುಂಬಿಸ್ಬೇಡಿ ದಯವಿಟ್ಟು. ತುಂಬಿಸಿದ್ರೆ ಮಳೆಗಾಲಕ್ಕೆ ಪ್ಯಾನೆಲ್ ಉಬ್ಬೋಕೆ ಜಾಗ ಇಲ್ದೆ ನಿಲುವು ಪಟ್ಟಿನ ಆಚೆಗೆ ತಳ್ಳತ್ತೆ, ಜಾಯಿಂಟ್ ಬಾಯಿ ಬಿಡತ್ತೆ, ಬೇಸಿಗೆಗೆ ಪ್ಯಾನೆಲ್ ಮಧ್ಯದಲ್ಲಿ ಸೀಳತ್ತೆ. ಒಂದು ಟೂಬಿನ ಪುಟ್ಟಿ ಬಾಗಿಲನ್ನೇ ತಿಂದು ಹಾಕತ್ತೆ.

ತಿರುಚಿರೋದು

ಬಾಗಿಲು ಹಾಕಿದಾಗ ಮೇಲಿನ ಮೂಲೆ ಚೌಕಟ್ಟಿಗೆ ಕೂತಿದೆ, ಕೆಳಗಿನ ಮೂಲೆ ಒಂದು ಬೆರಳಷ್ಟು ಆಚೆ ನಿಂತಿದೆ, ಅಥವಾ ಉಲ್ಟಾ. ಬಾಗಿಲಿಗೆ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಎರಡು ದಾರ ಬಿಗಿಯಾಗಿ ಕಟ್ಟಿ, ಮಧ್ಯದಲ್ಲಿ ಎರಡೂ ದಾರ ಒಂದಕ್ಕೊಂದು ತಾಗಿದ್ರೆ ಬಾಗಿಲು ನೇರ ಇದೆ, ಚೌಕಟ್ಟು ಓರೆ. ತಾಗದೆ ದೂರ ನಿಂತ್ರೆ ಬಾಗಿಲು ತಿರುಚಿದೆ (ದಾರ ಅದಲು ಬದಲು ಮಾಡಿನೂ ಒಂದ್ಸಲ ನೋಡಿ). ಹೊರಗಡೆಗೆ ನಾಲ್ಕು ಕೋಟು ಪಾಲಿಶ್, ಒಳಗಡೆಗೆ ಒಂದೇ ಕೋಟು ಆಗಿರೋ ಬಾಗಿಲು, ಪಶ್ಚಿಮದ ಬಿಸಿಲು ಬೀಳೋ ಬಾಗಿಲು, ಇವೇ ಜಾಸ್ತಿ. ನಾಲ್ಕೈದು ಮಿ.ಮೀ. ಒಳಗಿದ್ರೆ ಒಂದು ಹಿಂಜನ್ನ ಅದರ ಅರ್ಧದಷ್ಟು ಮುಂದಕ್ಕೋ ಹಿಂದಕ್ಕೋ ಸರಿಸಿ ಕೂರಿಸಿ, ತಪ್ಪು ಎರಡು ಮೂಲೆಗೆ ಹಂಚಿಹೋಗಿ ಕಣ್ಣಿಗೆ ಕಾಣಲ್ಲ. ಅದಕ್ಕಿಂತ ಜಾಸ್ತಿ ಇದ್ರೆ ಭಾರ ಹೇರಿ ನೇರ ಮಾಡೋ ಪ್ರಯತ್ನ ಬೇಡ, ನಿಲ್ಲಲ್ಲ.

ಬಾಗಿಲು ಸರಿಯಿದ್ದು ಮನೆ ಕದಲಿದಾಗ

ವಿಜಯಪುರ, ಬಾಗಲಕೋಟೆ, ಗದಗ, ರಾಯಚೂರು ಕಡೆ ಎರೆ ಮಣ್ಣಿನ ಮೇಲೆ ಮನೆ ಇರೋರು ಇದನ್ನ ಮೊದ್ಲು ನೋಡ್ಬೇಕು. ಎರೆ ಮಣ್ಣು ಮಳೆಗೆ ಉಬ್ಬತ್ತೆ, ಬೇಸಿಗೆಗೆ ಕೈ ಹೋಗೋಷ್ಟು ಬಿರುಕು ಬಿಡತ್ತೆ, ಅಡಿಪಾಯ ಆಳಕ್ಕೆ ಹೋಗಿಲ್ಲ ಅಂದ್ರೆ ಗೋಡೆನೂ ಜೊತೆಗೆ ಆಡತ್ತೆ. ಆಗ ಬಾಗಿಲು ಮಳೆಗಾಲಕ್ಕೆ ಹಿಡ್ದು ಬೇಸಿಗೆಗೆ ಬಿಡತ್ತೆ, ನೋಡೋಕೆ ಮರ ಉಬ್ಬಿದ ಹಾಗೇ, ಆದ್ರೆ ಮರದ ತಪ್ಪೇ ಇಲ್ಲ.

ಗುರುತು ಹಿಡಿಯೋದು ಹೇಗಂದ್ರೆ ಚೌಕಟ್ಟಿನ ಮೇಲಿನ ಮೂಲೆಯಿಂದ ಗೋಡೆಗೆ ಓರೆಯಾಗಿ ಬಿರುಕು ಹೋಗಿದ್ಯಾ ನೋಡಿ. ಟೇಪ್ ಹಿಡಿದು ಚೌಕಟ್ಟಿನ ಎರಡು ಕರ್ಣ ಅಳೀರಿ, ಒಂದೇ ಇರ್ಬೇಕು. ಮೊದಲಿಂದಲೇ ಚೌಕಟ್ಟು ಓರೆ ಕೂರಿಸಿರೋದೂ ಇರತ್ತೆ, ಅದಕ್ಕೇ ಒಂದ್ಸಲ ಅಳೆದು ನಿರ್ಧಾರ ಮಾಡ್ಬೇಡಿ, ಮಳೆಗಾಲಕ್ಕೊಂದು ಬೇಸಿಗೆಗೊಂದು ಅಳತೆ ಬರೆದಿಡಿ. ಎರಡು ಕರ್ಣಗಳ ವ್ಯತ್ಯಾಸ ಬದಲಾಗ್ತಾ ಇದ್ರೆ ಪ್ಲೇನರ್ ಒಳಗಿಟ್ಟು ಮನೆ ಕಟ್ಟೋ ಇಂಜಿನಿಯರ್‌ನ ಕರೆಸಿ, ಇದು ಮರಗೆಲಸದಲ್ಲಿ ಸರಿ ಹೋಗೋದಲ್ಲ.

ಮನೆ ಕದಲದೆ ಚೌಕಟ್ಟು ಮಾತ್ರ ಅಲ್ಲಾಡ್ತಿದ್ರೆ, ಅಂದ್ರೆ ಬಾಗಿಲು ಧಡಾರ್ ಅಂತ ಹಾಕಿದಾಗ ಗೋಡೆ ಪಕ್ಕದ ಪ್ಲಾಸ್ಟರ್ ಉದುರ್ತಿದ್ರೆ, ಚೌಕಟ್ಟಿಂದ ಗೋಡೆಗೆ ಹಾಕಿರೋ ಕಬ್ಬಿಣದ ಹಿಡಿಕೆ ಸಡಿಲ ಆಗಿದೆ. ಚೌಕಟ್ಟಿನ ಮೂಲಕವೇ ಗೋಡೆಗೆ ಉದ್ದದ ಫ್ರೇಮ್ ಆಂಕರ್ ಹಾಕಿ ಬಿಗಿ ಮಾಡ್ಬಹುದು. ಬಿಗಿ ಮಾಡೋಕೆ ಮುಂಚೆ ಚೌಕಟ್ಟಿನ ಬುಡಕ್ಕೆ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ, ಬೆಣ್ಣೆಗೆ ಹೋದ ಹಾಗೆ ಹೋದ್ರೆ ಬುಡ ಕೊಳೆತಿದೆ, ತಟ್ಟಿದ್ರೆ ಟೊಳ್ಳು ಸದ್ದು ಬಂದು ಪೇಂಟ್ ಕೆಳಗೆ ಮಣ್ಣು ಕಂಡ್ರೆ ಗೆದ್ದಲು. ಗೆದ್ದಲು ಇರೋ ಚೌಕಟ್ಟಿಗೆ ಹೊಸ ಹಿಂಜ್ ಹೊಸ ಸ್ಕ್ರೂ ಹಾಕೋದು ದುಡ್ಡು ದಂಡ, ಮೊದ್ಲು ಮದ್ದು ಹೊಡೆಸಿ, ಆಮೇಲೆ ಆ ಭಾಗ ಕತ್ತರಿಸಿ ಹೊಸ ಮರ ಜೋಡಿಸ್ಬೇಕು.

ಬಾತ್ರೂಮಿನ ಫ್ಲಶ್ ಡೋರ್

ಎರಡೂ ಮುಖಕ್ಕೆ ಪ್ಲೈ ಅಂಟಿಸಿ ಸಪಾಟಾಗಿ ಮಾಡಿರೋ ಈ ಬಾಗಿಲಿಗೆ ಮೇಲಿನ ಲೆಕ್ಕ ಅನ್ವಯ ಆಗಲ್ಲ. ಪ್ಲೈ ಪದರಗಳು ಒಂದಕ್ಕೊಂದು ಅಡ್ಡ ಇರೋದ್ರಿಂದ ಫ್ಲಶ್ ಡೋರ್ ಅಗಲಕ್ಕೆ ಅಷ್ಟಾಗಿ ಉಬ್ಬಲ್ಲ. ಅದು ಹಿಡ್ಕೊಳ್ತಿದ್ರೆ ಅಡಿಯಲ್ಲಿ ನೀರು ಕುಡಿದು ದಪ್ಪ ಆಗಿ ಪದರ ಬಿಟ್ಕೊಳ್ತಿದೆ ಅಂತಾನೇ. ಬೆರಳಲ್ಲಿ ಒತ್ತಿದ್ರೆ ಪುಸಪುಸ ಅನ್ನತ್ತೆ. ಬರೀ ಅಂಚು ಬಿಟ್ಟಿದ್ರೆ ಪೂರ್ತಿ ಒಣಗಿಸಿ, ಪದರದ ಒಳಗೆ ಎಪಾಕ್ಸಿ ಇಳಿಸಿ, ಎರಡು ಪಟ್ಟಿ ಮಧ್ಯ ಪ್ಲಾಸ್ಟಿಕ್ ಹಾಳೆ ಇಟ್ಟು ಕ್ಲಾಂಪ್ ಬಿಗಿರಿ. ಗೇಣುದ್ದ ಮೇಲಕ್ಕೆ ಹೋಗಿದ್ರೆ ಬದಲಾಯಿಸೋದೇ ವಾಸಿ. ಬದಲಾಯಿಸೋವಾಗ ಅಂಟು ಯಾವುದು ಅಂತ ಕೇಳಿ, ಕುದಿಯೋ ನೀರು ತಡೆಯೋ ಅಂಟು ಅಂದ್ರೆ ಬಿಡಬ್ಲ್ಯುಪಿ, ಬರೀ ತೇವ ತಡೆಯೋ ಎಂಆರ್ ಬಾತ್ರೂಮಿಗೆ ಬೇಡ.

ಕೊನೆಗೂ ಕೀಸ್ಲೇಬೇಕು ಅಂದ್ರೆ

ಮೇಲಿನದೆಲ್ಲ ನೋಡಿ, ಉಬ್ಬಿರೋದೇ ಹೌದು, ಎಷ್ಟು ತೆಗೀಬೇಕು ಅಂತಾನೂ ಗೊತ್ತಾಯ್ತು ಅಂದ್ರೆ ಬಾಗಿಲು ಇಳಿಸಿ. ನೇತಾಡ್ತಿರೋ ಬಾಗಿಲನ್ನ ನಿಂತ್ಕೊಂಡೇ ಕೀಸಿದ್ರೆ ಅಂಚು ಅಲೆ ಅಲೆ ಆಗತ್ತೆ. ಇಳಿಸೋವಾಗ ಕೆಳಗಿನ ಹಿಂಜ್ ಮೊದ್ಲು, ಮೇಲಿನದು ಕೊನೆಗೆ, ಅಡಿಗೆ ಆಪು ಇರ್ಲೇಬೇಕು, ಇಬ್ರು ಇರ್ಲೇಬೇಕು, ಮುಂಬಾಗಿಲು ಒಬ್ರೇ ಹಿಡಿಯೋ ಭಾರ ಅಲ್ಲ.

ಆದಷ್ಟು ಹಿಂಜ್ ಕಡೆ ಅಂಚನ್ನೇ ಕೀಸಿ, ಚಿಲಕದ ಕಡೆ ಲಾಕ್ ಕೂತಿರೋದ್ರಿಂದ ಅಲ್ಲಿ ಕೀಸಿದ್ರೆ ಲಾಕಿನ ಕಚ್ಚು ಪೂರ್ತಿ ಮತ್ತೆ ಮಾಡ್ಬೇಕಾಗತ್ತೆ, ಹಿಂಜ್ ಕಚ್ಚು ಉಳಿಯಲ್ಲಿ ಅಷ್ಟೇ ಆಳ ಮಾಡ್ಕೊಳ್ಳೋದು ಸುಲಭ. ಹಳೇ ಪೇಂಟ್ ಇದ್ರೆ ಮೊದ್ಲು ಕೆರೆದು ತೆಗೀರಿ, ಮೊಳೆ ಇದ್ಯಾ ನೋಡಿ, ಎಲೆಕ್ಟ್ರಿಕ್ ಪ್ಲೇನರ್‌ಗೆ ಒಂದು ಮೊಳೆ ಸಿಕ್ಕಿದ್ರೆ ಬ್ಲೇಡ್ ಹೋಯ್ತು, ಕಣ್ಣಿಗೆ ಚೂರು ಹಾರಿದ್ರೆ ಅದಕ್ಕಿಂತ ಕಷ್ಟ, ಕನ್ನಡಕ ಹಾಕ್ಕೊಳ್ಳಿ. ಅರ್ಧ ಮಿ.ಮೀ.ಗಿಂತ ಜಾಸ್ತಿ ಒಂದೇ ಸಲಕ್ಕೆ ತೆಗೀಬೇಡಿ. ಎಳೆ ಯಾವ ಕಡೆ ಏಳ್ತಿದೆ ನೋಡ್ಕೊಂಡು ಅದೇ ದಿಕ್ಕಿಗೆ ಹೋಗಿ, ಎದುರು ಹೋದ್ರೆ ಚಕ್ಕೆ ಕಿತ್ಕೊಂಡು ಬರತ್ತೆ. ನೆಲ ಎದ್ದಿದೆ ಅಂತಲೋ ಹೊಸ ಟೈಲ್ಸ್ ಹಾಕಿದಾರೆ ಅಂತಲೋ ಅಡಿ ಅಂಚು ಕೀಸ್ಬೇಕಾದ್ರೆ ಎರಡೂ ಹೊರಗಿನ ಮೂಲೆಯಿಂದ ಒಳಮುಖವಾಗಿ ಬನ್ನಿ, ಒಂದೇ ಏಟಿಗೆ ಈ ಕಡೆಯಿಂದ ಆ ಕಡೆಗೆ ಹೋದ್ರೆ ಕೊನೇಲಿ ನಿಲುವು ಪಟ್ಟಿಯ ಮೂಲೆ ಸೀಳಿ ಬೀಳತ್ತೆ. ಚಿಲಕದ ಕಡೆ ಕೀಸೋದಾದ್ರೆ ಚೌಕಟ್ಟಿಗೆ ಮೊದ್ಲು ಹೋಗೋ ಮುಖದ ಕಡೆ ಎರಡು ಮೂರು ಡಿಗ್ರಿ ಇಳಿಜಾರು ಕೊಡಿ, ಬಾಗಿಲು ತಿರುಗಿ ಬರೋವಾಗ ಆ ಅಂಚೇ ಮೊದ್ಲು ಉಜ್ಜೋದು.

ಆಚಾರ್ರ ಕೈಲಿ ಮಾಡಿಸೋದಾದ್ರೂ ಒಂದು ಮಾತು ಕೇಳಿ, "ಆಚಾರ್ರೇ, ಕೀಸೋಕೆ ಮುಂಚೆ ಮೇಲಿನ ಹಿಂಜ್ ಒಂದ್ಸಲ ನೋಡ್ತೀರಾ, ಆಮೇಲೆ ಅಡಿಗೂ ತಲೆಗೂ ಒಂದು ಕೋಟು ಹೊಡೆದೇ ಏರಿಸೋಣ" ಅಂತ. ಒಳ್ಳೇ ಕೆಲಸದವರು ಖುಷಿಯಾಗೇ ಮಾಡ್ತಾರೆ.

ಕೀಸಿದ ಬಿಳಿ ಮರನ ಹಾಗೇ ಏರಿಸ್ಬೇಡಿ, ಅವತ್ತೇ ಸೀಲರ್ ಇಲ್ಲಾ ಪ್ರೈಮರ್ ಒಂದು ಕೋಟು ಆಗ್ಬೇಕು. ಬಾಗಿಲು ಕೆಳಗಿರೋವಾಗಲೇ ಅಡಿ ಮತ್ತು ತಲೆ ಅಂಚಿಗೆ ಧಾರಾಳವಾಗಿ ಹಚ್ಚಿ, ಹೀರ್ಕೊಳ್ಳೋಕೆ ಬಿಡಿ, ಮತ್ತೆ ಹಚ್ಚಿ, ಕೊಯ್ದ ಮುಖ ಕುಡಿಯೋದು ನಿಲ್ಲೋವರೆಗೆ. ಪೂರ್ತಿ ಪಿಯು (ಪಾಲಿಯುರೆಥೇನ್) ಪಾಲಿಶ್, ಎರಡೂ ಮುಖಕ್ಕೆ ಒಂದೇ ಲೆಕ್ಕದ ಕೋಟು, ಇದನ್ನೆಲ್ಲ ಫೆಬ್ರವರಿ ಮಾರ್ಚ್‌ಗೆ ಇಟ್ಕೊಳ್ಳಿ, ಆಗ ಮರದೊಳಗಿನ ತೇವ ಕಡಿಮೆ ಇರತ್ತೆ. ಪಾಲಿಶ್ ತೇವನ ಪೂರ್ತಿ ತಡೆಯಲ್ಲ, ನಿಧಾನ ಮಾಡತ್ತೆ, ಹಾಗಾಗಿ ಮುಂದಿನ ಜುಲೈನಲ್ಲಿ ಕಾರ್ಡ್ ಒಂದ್ಸಲ ಸುತ್ತ ಎಳೆದು ಟೇಪ್ ಮೇಲಿನ ಹಳೇ ಅಳತೆ ಪಕ್ಕದಲ್ಲಿ ಹೊಸದು ಬರೀರಿ.